ಕೋಟೆಯೂರಿನ ಊಹಾನಕ್ಷೆ: ಯಲಹಂಕ ನಾಡನ್ನು ಕುರಿತ ಒಂದು ವಿಧಾನ ವಿಚಾರ

ಕರ್ನಾಟಕದ ಕೋಟೆಗಳ ಅಧ್ಯಯನವು ಬಹುಮಟ್ಟಿಗೆ ಕಲ್ಲಿನ ಕೋಟೆಗಳ ಅಧ್ಯಯನವಾಗಿಯೇ ಬೆಳೆದುಬಂದಿದೆ. ಚಿತ್ರದುರ್ಗ, ಮಧುಗಿರಿ, ಬಳ್ಳಾರಿ, ಶ್ರೀರಂಗಪಟ್ಟಣಗಳಂತಹ ಕೋಟೆಗಳಿಗೆ ನಕ್ಷೆಗಳಿವೆ, ವರ್ಣನೆಗಳಿವೆ, ಅವುಗಳನ್ನು ಆಳಿದವರ ವಂಶಾವಳಿಗಳಿವೆ. ಆದರೆ ಬಯಲುಸೀಮೆಯ ಸಾಮಾನ್ಯ ಹಳ್ಳಿಗಳನ್ನು ಬಳಸಿದ್ದ ಮಣ್ಣಿನ ಗೋಡೆಗಳಿಗೆ ಈ ಭಾಗ್ಯ ದೊರೆತಿಲ್ಲ. ಮಳೆಗೆ ಗೋಡೆ ಕರಗಿತು. ಅಗಳು ತುಂಬಿ ರಸ್ತೆಯಾಯಿತು. ಊರಬಾಗಿಲು ಹೆಸರಿನಲ್ಲಷ್ಟೇ ಉಳಿಯಿತು. ಇಂತಹ ಊರುಗಳ ಸ್ವರೂಪವನ್ನು ತಿಳಿಯಬೇಕಾದರೆ ಲಭ್ಯವಿರುವ ಆಧಾರಗಳಿಂದ ಊಹಾನಕ್ಷೆಯೊಂದನ್ನು ರಚಿಸುವುದು ಅನಿವಾರ್ಯವಾಗುತ್ತದೆ. ಆ ನಕ್ಷೆಯನ್ನು ಎಲ್ಲಿಂದ ಬರೆಯಲು ತೊಡಗಬೇಕು, ಯಾವುದನ್ನು ಕೊನೆಗೆ ಬರೆಯಬೇಕು ಎಂಬುದನ್ನು ಯಲಹಂಕ ನಾಡಿನ ಹಿನ್ನೆಲೆಯಲ್ಲಿ ಚರ್ಚಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶವಾಗಿದೆ.

ಬೆಂಗಳೂರಿನಲ್ಲಿ ಪುಟ್ಟೇನಹಳ್ಳಿ ಎಂಬ ಹೆಸರಿನ ಊರುಗಳು ಎರಡಿವೆ. ಇಲ್ಲಿ ಉದ್ದೇಶಿತವಾದುದು ಉತ್ತರದ ಯಲಹಂಕಕ್ಕೆ ಸೇರಿದ ಪುಟ್ಟೇನಹಳ್ಳಿ. ಅದರ ಕೆರೆಯನ್ನು 2015ರಲ್ಲಿ ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಲಾಯಿತು. ಈ ಊರಿಗೆ ಕೋಟೆಯಿತ್ತೆಂದು ಸ್ಥಾಪಿಸುವುದು ನಮ್ಮ ಗುರಿಯಲ್ಲ. ದೊಡ್ಡ ಪಟ್ಟಣವೊಂದರ ಮಗ್ಗುಲಲ್ಲಿ ಕೆರೆಯೊಂದನ್ನು ನೆಚ್ಚಿಕೊಂಡು ಬದುಕಿದ ಸಣ್ಣ ಊರು ಎಂಬ ಕಾರಣಕ್ಕೆ ಇದನ್ನು ಮಾದರಿಯಾಗಿ ಇರಿಸಿಕೊಳ್ಳಲಾಗಿದೆ. ಯಲಹಂಕ ನಾಡಿನ ಬಹುಪಾಲು ಹಳ್ಳಿಗಳು ಇಂತಹವೇ.

ಗೋಡೆಯ ಅಗತ್ಯ

ಊರಿಗೆ ಗೋಡೆ ಏಕೆ ಬೇಕಾಯಿತು ಎಂಬುದಕ್ಕೆ ವೀರಗಲ್ಲುಗಳೇ ಉತ್ತರ ನೀಡುತ್ತವೆ. ತುರುಗೋಳು, ಪೆಣ್ಬುಯ್ಯಲ್, ಊರಳಿವು ಎಂಬ ಮಾತುಗಳು ಕನ್ನಡ ನಾಡಿನ ವೀರಗಲ್ಲುಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ದನಗಳನ್ನು ಹೊಡೆದುಕೊಂಡು ಹೋಗುವುದು, ಹೆಂಗಸರನ್ನು ಸೆರೆಹಿಡಿಯುವುದು, ಊರನ್ನೇ ಹಾಳುಮಾಡುವುದು ಎಂಬ ಮೂರು ಭಯಗಳು ಇವುಗಳಲ್ಲಿ ಅಡಗಿವೆ. ಯಲಹಂಕಕ್ಕೆ ಸಮೀಪದ ಹೆಬ್ಬಾಳದಲ್ಲಿ 2018ರಲ್ಲಿ ಬೆಳಕಿಗೆ ಬಂದ ಶಾಸನವು ಗಂಗ ದೊರೆ ಶ್ರೀಪುರುಷನ ಕಾಲದ್ದು, ಅಂದರೆ ಸುಮಾರು ಕ್ರಿ.ಶ. 750ರದ್ದು. ಪೆರ್ಬೊಳಲ್ ನಾಡನ್ನು ಹೆಸರಿಸುವ ಈ ಶಾಸನವು ಕಿಟ್ಟಯ್ಯನೆಂಬ ವೀರನು ದಾಳಿಯನ್ನು ಎದುರಿಸಿ ಮಡಿದುದನ್ನು ದಾಖಲಿಸುತ್ತದೆ. ಊರ ಕೋಟೆಯ ಚರಿತ್ರೆಯು ಅರಸರ ದಿಗ್ವಿಜಯದಿಂದಲ್ಲ, ಇಂತಹ ಸಾವುಗಳಿಂದ ಆರಂಭವಾಗುತ್ತದೆ ಎನ್ನಬಹುದು.

ಮಣ್ಣಿನ ಕೋಟೆಯನ್ನು ನಮ್ಮ ಶಾಸ್ತ್ರಗ್ರಂಥಗಳು ಕೀಳಾಗಿ ಕಂಡಿಲ್ಲ. ಕಲ್ಯಾಣ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸವು ದುರ್ಗಗಳ ಪ್ರಭೇದಗಳನ್ನು ಹೇಳುವಾಗ ಕಲ್ಲು, ಇಟ್ಟಿಗೆಗಳ ದುರ್ಗಗಳೊಡನೆ ಮಣ್ಣಿನ ದುರ್ಗವನ್ನೂ ಎಣಿಸುತ್ತದೆ. ಯಲಹಂಕ ನಾಡಪ್ರಭು ಕೆಂಪೇಗೌಡರು 1537ರಲ್ಲಿ ಕಟ್ಟಿಸಿದ ಬೆಂಗಳೂರಿನ ಕೋಟೆಯೂ ಮಣ್ಣಿನದೇ. ದೇವನಹಳ್ಳಿಯ ಕೋಟೆಯನ್ನು ಮಲ್ಲಬೈರೇಗೌಡನು 1501ರಲ್ಲಿ ಕಟ್ಟಿಸಿದನು. ಇಂದು ಕಾಣುವ ಕಲ್ಲಿನ ಕಟ್ಟಡ ಹೈದರ್ ಮತ್ತು ಟಿಪ್ಪುವಿನ ಕಾಲದ್ದು. ಫ್ರಾನ್ಸಿಸ್ ಬುಕಾನನ್ 1800-01ರಲ್ಲಿ ಈ ಸೀಮೆಯಲ್ಲಿ ಸಂಚರಿಸಿ 1807ರಲ್ಲಿ ಮೂರು ಸಂಪುಟಗಳಲ್ಲಿ ಪ್ರಕಟಿಸಿದ ಪ್ರವಾಸ ಕಥನದಲ್ಲಿ ಮಣ್ಣಿನ ಗೋಡೆ ಮತ್ತು ಮುಳ್ಳುಬೇಲಿಗಳಿಂದ ರಕ್ಷಿತವಾದ ಹಳ್ಳಿಗಳ ಪ್ರಸ್ತಾಪ ಹಲವೆಡೆ ಬರುತ್ತದೆ.

ಅಳತೆಯ ಸಾಕ್ಷ್ಯ

ಊಹಾನಕ್ಷೆಯನ್ನು ಬರೆಯುವವರು ಸಾಮಾನ್ಯವಾಗಿ ಮಾಡುವ ಮೊದಲ ತಪ್ಪೆಂದರೆ ಊರನ್ನು ಚೌಕವಾಗಿ ಬರೆಯುವುದು. ಕಾಗದದ ಮೇಲೆ ಚೌಕ ಸುಲಭ. ನೆಲದ ಮೇಲೆ ಅದು ದುಬಾರಿ. ಉದಾಹರಣೆಗೆ 480 ಮೀಟರ್ ಸುತ್ತಳತೆಯ ಗೋಡೆಯನ್ನು ಭಾವಿಸಿಕೊಳ್ಳೋಣ. ಅದು ಚೌಕವಾಗಿದ್ದರೆ ಒಳಗೆ 14,400 ಚದರ ಮೀಟರ್ ನೆಲ ಸಿಗುತ್ತದೆ. ದುಂಡಾಗಿದ್ದರೆ ಸುಮಾರು 18,300 ಚದರ ಮೀಟರ್, ಅಂದರೆ ನಾಲ್ಕೂವರೆ ಎಕರೆ ಸಿಗುತ್ತದೆ. ಅದೇ ಗೋಡೆಗೆ ಕಾಲುಭಾಗಕ್ಕಿಂತ ಹೆಚ್ಚು ನೆಲ ಲಾಭ. ಅಲ್ಲದೆ ಮಣ್ಣಿನ ಗೋಡೆಯಲ್ಲಿ ಮೂಲೆಯೇ ಮೊದಲು ಕುಸಿಯುವ ಜಾಗ. ಸುಮಾರು 20 ಎಕರೆ ವಿಸ್ತಾರದ ದೇವನಹಳ್ಳಿ ಕೋಟೆಯು ಅಂಡಾಕಾರದಲ್ಲಿದ್ದು ಅರ್ಧವೃತ್ತಾಕಾರದ 12 ಕೊತ್ತಳಗಳನ್ನು ಹೊಂದಿರುವುದು ಇಲ್ಲಿ ಗಮನಾರ್ಹ.

ಎರಡನೆಯದಾಗಿ, ಅಗಳು ಮತ್ತು ಗೋಡೆ ಬೇರೆ ಬೇರೆ ರಚನೆಗಳಲ್ಲ. ಅಗಳಿನಿಂದ ತೆಗೆದ ಮಣ್ಣೇ ಗೋಡೆಯಾಗುತ್ತದೆ. ಬುಡದಲ್ಲಿ ಎರಡೂವರೆ ಮೀಟರ್, ತಲೆಯಲ್ಲಿ ಒಂದು ಮೀಟರ್ ದಪ್ಪ, ಮೂರೂವರೆ ಮೀಟರ್ ಎತ್ತರದ ಗೋಡೆಯೆಂದು ಇಟ್ಟುಕೊಂಡರೆ ನಮ್ಮ ಊರಿಗೆ ಸುಮಾರು 2,940 ಘನ ಮೀಟರ್ ಮಣ್ಣು ಬೇಕು. ಗೋಡೆಯ ಹೊರಗೆ ಮೂರು ಮೀಟರ್ ಅಗಲ, ಎರಡು ಮೀಟರ್ ಆಳದ ಅಗಳನ್ನು ತೋಡಿದರೆ ಈ ಲೆಕ್ಕ ಹೆಚ್ಚುಕಡಿಮೆ ಸರಿಹೊಂದುತ್ತದೆ. ಆದುದರಿಂದ ನಕ್ಷೆಯಲ್ಲಿ ಎತ್ತರದ ಗೋಡೆಯನ್ನೂ ಕಿರಿದಾದ ಅಗಳನ್ನೂ ಒಟ್ಟಿಗೆ ಬರೆದವರು ಉಳಿದ ಮಣ್ಣು ಎಲ್ಲಿಂದ ಬಂತೆಂದು ಹೇಳಬೇಕಾಗುತ್ತದೆ.

ಮೂರನೆಯದು ಜನರ ಲೆಕ್ಕ. ಒಳನೆಲದಲ್ಲಿ ಬೀದಿ, ಗುಡಿ, ಬಾವಿ, ದನ ಕೂಡುವ ಬಯಲಿಗೆಂದು ಮೂರನೆಯ ಒಂದು ಭಾಗವನ್ನು ಬಿಟ್ಟು, ಹಿತ್ತಿಲೂ ಸೇರಿ ಮನೆಗೆ 150 ಚದರ ಮೀಟರಿನಂತೆ ಹಂಚಿದರೆ ಸುಮಾರು 80 ಮನೆಗಳಾಗುತ್ತವೆ. ಅಗೆಯುವವನೊಬ್ಬ, ಹೊರುವವನೊಬ್ಬ, ಮೆಟ್ಟಿ ಗಟ್ಟಿಮಾಡುವವನೊಬ್ಬ ಸೇರಿ ದಿನಕ್ಕೆ ಎರಡು ಘನ ಮೀಟರ್ ಕೆಲಸ ಮುಗಿಸುವರೆಂದು ಹಿಡಿದರೆ, ಮನೆಗೊಂದು ಆಳಿನಂತೆ ದುಡಿದು 55 ದಿನಗಳಲ್ಲಿ ಗೋಡೆ ಏಳುತ್ತದೆ. ಸುಗ್ಗಿ ಮುಗಿದು ಮುಂಗಾರು ಬರುವುದರೊಳಗಿನ ಬಿಡುವಿಗೆ ಇದು ಹೊಂದುತ್ತದೆ. ಈ ಅಂಕಿಗಳು ಭಾವಿಸಿಕೊಂಡವು, ಆದರೆ ಅವುಗಳ ಪರಸ್ಪರ ಸಂಬಂಧ ಭಾವಿಸಿಕೊಂಡದ್ದಲ್ಲ. ಅರಸನ ಬೊಕ್ಕಸವಿಲ್ಲದೆ ಊರವರೇ ಕಟ್ಟಿಕೊಳ್ಳಬಹುದಾದ, ಪ್ರತಿ ಮಳೆಗಾಲದ ನಂತರವೂ ಊರವರೇ ತೇಪೆ ಹಾಕಬೇಕಾದ ರಚನೆ ಇದೆಂಬುದು ಅವುಗಳಿಂದ ವ್ಯಕ್ತವಾಗುತ್ತದೆ. ಊರಿನ ಒಗ್ಗಟ್ಟು ತಪ್ಪಿದ ವರ್ಷ ಗೋಡೆಯೂ ಬೀಳುತ್ತಿತ್ತು.

ನಾಲ್ಕನೆಯದು ಮುಳ್ಳು. 1791ರಲ್ಲಿ ಕಾರ್ನ್‌ವಾಲೀಸನ ಸೈನ್ಯವು ಬೆಂಗಳೂರಿನ ಪೇಟೆಯನ್ನು ಹಿಡಿದ ಸಂದರ್ಭವನ್ನು ವರ್ಣಿಸುವ ಮಾರ್ಕ್ ವಿಲ್ಕ್ಸ್, ಪೇಟೆಯ ಗೋಡೆ ಸಾಧಾರಣವಾದುದೆಂದೂ ಕಂದಕ ಉತ್ತಮವಾದುದೆಂದೂ ಇವೆರಡರ ನಡುವಿನ ಪಟ್ಟಿಯಲ್ಲಿ ಭೇದಿಸಲಾಗದ ಮುಳ್ಳುಗಿಡಗಳು ಬೆಳೆದಿದ್ದವೆಂದೂ ತಿಳಿಸುತ್ತಾನೆ. ಪೇಟೆಯ ಸ್ಥಿತಿಯೇ ಹೀಗಿದ್ದಾಗ ಹಳ್ಳಿಯಲ್ಲಿ ಕಳ್ಳಿ, ಕತ್ತಾಳೆಗಳ ಬೇಲಿಯೇ ರಕ್ಷಣೆಯ ದೊಡ್ಡ ಪಾಲನ್ನು ಹೊತ್ತಿರಬೇಕು. ನಕ್ಷೆಯಲ್ಲಿ ಕೊತ್ತಳಗಳನ್ನು ಅಂದವಾಗಿ ಬರೆದು ಬೇಲಿಯನ್ನು ಮರೆಯುವುದು ನಮ್ಮಲ್ಲಿ ವಾಡಿಕೆಯಾಗಿದೆ.

ಗ್ರಾಮಠಾಣ ಮತ್ತು ನೀರು

ಅಳತೆಯ ತರ್ಕದಿಂದ ದೊರೆತ ಈ ಸಾಮಾನ್ಯ ರೂಪವನ್ನು ನಿರ್ದಿಷ್ಟ ಊರಿಗೆ ಅನ್ವಯಿಸುವಾಗ ಕಂದಾಯ ಇಲಾಖೆಯ ಗ್ರಾಮನಕ್ಷೆಗಳು ಪ್ರಮುಖ ಆಕರಗಳಾಗುತ್ತವೆ. ಮೈಸೂರು ಸಂಸ್ಥಾನದಲ್ಲಿ 1863ರಿಂದ ಆರಂಭವಾದ ಕಂದಾಯ ಮೋಜಣಿಯು ಹೊಲಗದ್ದೆಗಳಿಗೆ ಸರ್ವೆ ನಂಬರು ನೀಡಿತು. ಜನವಸತಿಯ ನೆಲವನ್ನು ಗ್ರಾಮಠಾಣವೆಂದು ಪ್ರತ್ಯೇಕವಾಗಿ ಗುರುತಿಸಿತು. ಸುತ್ತಲಿನ ಹೊಲಗಳ ಅಂಚುಗಳು ಒಂದು ದುಂಡು ರೇಖೆಯನ್ನು ತಾಗಿ ನಿಂತಿದ್ದರೆ, ಆ ರೇಖೆ ಹಿಂದೆ ಅಗಳಾಗಿತ್ತೇ ಎಂದು ಪರಿಶೀಲಿಸುವುದು ಯುಕ್ತ. ಯಲಹಂಕ ಪ್ರದೇಶವನ್ನು ಒಳಗೊಳ್ಳುವ ಭಾರತೀಯ ಸರ್ವೇಕ್ಷಣ ಇಲಾಖೆಯ 57 ಜಿ/12 ಸಂಖ್ಯೆಯ ಸ್ಥಳವಿವರ ನಕ್ಷೆಯ ಹಳೆಯ ಮುದ್ರಣಗಳನ್ನು ಇದರೊಡನೆ ಹೋಲಿಸಿದರೆ ಕೆರೆ, ಹಳ್ಳ, ದಾರಿಗಳ ಸಂಬಂಧ ತಿಳಿಯುತ್ತದೆ.

ಬಯಲುಸೀಮೆಯಲ್ಲಿ ಊರನ್ನು ನಿರ್ಧರಿಸುವುದು ನೀರು. ಕೆರೆಯ ಏರಿಯ ಕೆಳಗೆ ಗದ್ದೆ, ಕೆರೆಗೆ ಮಳೆನೀರು ಹರಿದುಬರುವ ಮೇಲುನೆಲದಲ್ಲಿ ಹೊಲ ಮತ್ತು ಗೋಮಾಳ, ನೀರು ನುಗ್ಗದ ದಿಬ್ಬದ ಮೇಲೆ ಊರು ಎಂಬ ಕ್ರಮ ಸಾಮಾನ್ಯ. ಕೆರೆ ಗೋಡೆಯ ಹೊರಗಿರುವುದರಿಂದ ಮುತ್ತಿಗೆಯ ಕಾಲಕ್ಕೆ ಒಳಗೊಂದು ಬಾವಿ ಬೇಕು. ದನಗಳು ಸಂಜೆ ಒಳಸೇರುವುದರಿಂದ ಬಾಗಿಲ ಬಳಿ ಬಯಲೊಂದು ಬೇಕು. ಹೀಗೆ ಕೆರೆಯನ್ನು ಮೊದಲು ಬರೆದರೆ ದಾರಿ ತಾನಾಗಿ ಬರುತ್ತದೆ. ದಾರಿ ಬಂದರೆ ಬಾಗಿಲಿನ ಜಾಗ ತಿಳಿಯುತ್ತದೆ. ಬಾಗಿಲು ತಿಳಿದರೆ ಗೋಡೆ ಎಲ್ಲಿ ಸಾಗಬೇಕೆಂಬುದು ಹೊಳೆಯುತ್ತದೆ. ಬೆಂಗಳೂರಿನ ಉತ್ತರದ ಬಾಗಿಲಿಗೆ ಯಲಹಂಕ ಬಾಗಿಲೆಂದು ಹೆಸರಾದುದೂ ಅದರಿಂದ ಹೊರಡುವ ದಾರಿಯಿಂದಲೇ.

ಗೋಡೆಯ ಹೊರಗಿನವರು

ಊಹಾನಕ್ಷೆಯು ಎದುರಿಸಬೇಕಾದ ಅತ್ಯಂತ ಕಠಿಣ ಪ್ರಶ್ನೆ, ಗೋಡೆಯ ಹೊರಗೆ ಯಾರನ್ನು ಬರೆಯಬೇಕು ಎಂಬುದು. ಹಳೆಯ ಮೈಸೂರಿನ ಹಳ್ಳಿಗಳಲ್ಲಿ ಹೊಲಗೇರಿಯು ಊರಿನಿಂದ ಪ್ರತ್ಯೇಕವಾಗಿ, ಸಾಮಾನ್ಯವಾಗಿ ಗೋಡೆ ಅಥವಾ ಬೇಲಿಯಿಂದಾಚೆಗೆ ಇರುತ್ತಿತ್ತು. ಕೋಟೆಯನ್ನೇ ನಕ್ಷೆಯ ಎಲ್ಲೆಯಾಗಿ ಇರಿಸಿಕೊಂಡರೆ ಈ ಕೇರಿ ನಕ್ಷೆಯಿಂದಲೇ ಹೊರಬೀಳುತ್ತದೆ. ಆದರೆ ಪೈರನ್ನು ಕಾಯುತ್ತಿದ್ದ ತೋಟಿ, ಕೆರೆಯ ತೂಬನ್ನು ನೋಡಿಕೊಳ್ಳುತ್ತಿದ್ದ ನೀರಗಂಟಿ ಬಹುತೇಕ ಈ ಕೇರಿಯಿಂದಲೇ ಬಂದವರು. ಊರಿನ ಕುಳವಾಡಿಯೂ ಅಲ್ಲಿಯವನೇ.

ಕುಳವಾಡಿಯನ್ನು ಕುರಿತು ಕ್ಯಾಪ್ಟನ್ ಜೆ.ಎಸ್.ಎಫ್. ಮೆಕೆಂಜಿ 1873ರ ಇಂಡಿಯನ್ ಆಂಟಿಕ್ವರಿಯಲ್ಲಿ ನೀಡಿರುವ ವಿವರ ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿದೆ. ಗ್ರಾಮಗಳ ಎಲ್ಲೆಯ ವ್ಯಾಜ್ಯದಲ್ಲಿ ಹೊಲೆಯ ಸಮುದಾಯದ ಕುಳವಾಡಿಯ ಮಾತೇ ನಿರ್ಣಾಯಕವಾಗಿತ್ತು. ಆತನು ಊರಿನ ಮಣ್ಣಿನಿಂದ ಮಾಡಿ ನಡುವೆ ನೀರನ್ನು ಇರಿಸಿದ ಉಂಡೆಯನ್ನು ತಲೆಯ ಮೇಲೆ ಹೊತ್ತು ಎಲ್ಲೆಯ ಉದ್ದಕ್ಕೂ ನಡೆಯುತ್ತಿದ್ದನು; ತಪ್ಪು ದಾರಿಯಲ್ಲಿ ಹೆಜ್ಜೆಯಿಟ್ಟರೆ ಉಂಡೆ ತಾನಾಗಿ ಒಡೆಯುವುದೆಂಬ ನಂಬಿಕೆಯಿತ್ತು. ಈ ಆಚರಣೆಯ ಅರ್ಥವನ್ನು ಹಲವು ಬಗೆಯಲ್ಲಿ ವಿವರಿಸಬಹುದು. ಆದರೆ ಒಂದು ಸಂಗತಿ ನಿಸ್ಸಂದೇಹ. ಮೋಜಣಿಯ ಸರಪಳಿ ಬರುವ ಮೊದಲು ಊರಿನ ನಕ್ಷೆ ಕಾಗದದಲ್ಲಿರಲಿಲ್ಲ. ಎಲ್ಲೆಯನ್ನು ನಡೆದು ತೋರಬಲ್ಲವನ ನೆನಪಿನಲ್ಲಿತ್ತು. ಊರಿನ ಮೊದಲ ನಕ್ಷೆಕಾರನಿಗೆ ಊರ ಗೋಡೆಯೊಳಗೆ ಮನೆಯಿರಲಿಲ್ಲ. ದಾಳಿ ಬಂದಾಗ ಅವನ ಕೇರಿಗೇ ಮೊದಲ ಪೆಟ್ಟು.

ಆದುದರಿಂದ ಕೋಟೆಯೂರಿನ ನಕ್ಷೆಯನ್ನು ಗೋಡೆಯಿಂದ ಆರಂಭಿಸುವುದು ಕೇವಲ ವಿಧಾನದ ದೋಷವಲ್ಲ. ಆ ಊರು ತನ್ನವರಲ್ಲವೆಂದು ಹೊರಗಿಟ್ಟವರನ್ನು ನಾವೂ ಎರಡನೆಯ ಬಾರಿ ಹೊರಗಿಟ್ಟಂತಾಗುತ್ತದೆ. ಕುಳವಾಡಿ ನಡೆದ ಎಲ್ಲೆಯನ್ನು ಮೊದಲು, ಕೆರೆ ಮತ್ತು ಕಾಲುವೆಗಳನ್ನು ಬಳಿಕ, ದಾರಿ ಬಾಗಿಲುಗಳನ್ನು ಅನಂತರ, ಕೇರಿಗಳನ್ನೆಲ್ಲ ಅವುಗಳ ಸ್ಥಾನದಲ್ಲಿ ಬರೆದು, ಗೋಡೆಯನ್ನು ಕೊನೆಗೆ ಬರೆಯುವುದು ಸರಿಯಾದ ಕ್ರಮವೆಂದು ತೋರುತ್ತದೆ.

ಊಹೆಯ ಶಿಸ್ತು

ಕಲ್ಪಿತ ನಕ್ಷೆಗೆ ತನ್ನದೇ ಆದ ಶಕ್ತಿಯಿದೆ. ಸ್ಕಾಟ್ಲೆಂಡಿನ ಲೇಖಕ ಸ್ಟೀವನ್‌ಸನ್ ಮೊದಲು ದ್ವೀಪವೊಂದರ ನಕ್ಷೆಯನ್ನು ಬರೆದು, ಅದರಿಂದ ಟ್ರೆಷರ್ ಐಲೆಂಡ್ ಕಾದಂಬರಿ ಹುಟ್ಟಿತೆಂದು ತಾನೇ ಹೇಳಿಕೊಂಡಿದ್ದಾನೆ. ಕಾದಂಬರಿಕಾರನಿಗೆ ಇದು ವರ, ಇತಿಹಾಸಕಾರನಿಗೆ ಎಚ್ಚರಿಕೆ. ಒಮ್ಮೆ ಬರೆದ ನಕ್ಷೆ ಪುಸ್ತಕದಿಂದ ಪುಸ್ತಕಕ್ಕೆ ಸಾಗಿ ಕೊನೆಗೆ ತಾನೇ ಆಧಾರವಾಗಿಬಿಡುತ್ತದೆ. ಇದನ್ನು ತಪ್ಪಿಸಲು ಮೂರು ಬಗೆಯ ಗೆರೆಗಳನ್ನು ಬಳಸಬಹುದು. ಸ್ಥಳದಲ್ಲಿಯೇ ಕಾಣುವ ಅಥವಾ ದಾಖಲೆಯಿರುವ ಅಂಶಗಳಿಗೆ ಗಟ್ಟಿ ಗೆರೆ; ನೆರೆಯ ಊರುಗಳ ಹೋಲಿಕೆಯಿಂದ ಊಹಿಸಿದವುಗಳಿಗೆ ತುಂಡು ಗೆರೆ; ಊರೆಂದ ಮೇಲೆ ಇರಲೇಬೇಕೆಂಬ ತರ್ಕದಿಂದ ಮಾತ್ರ ಬಂದವುಗಳಿಗೆ ಚುಕ್ಕಿ ಗೆರೆ. ಪುಟ್ಟೇನಹಳ್ಳಿಯಂತಹ ಊರಿಗೆ ಇಂತಹ ನಕ್ಷೆಯನ್ನು ಬರೆದರೆ ಕೆರೆಯೊಂದೇ ಗಟ್ಟಿ ಗೆರೆಯಲ್ಲಿ ನಿಲ್ಲುತ್ತದೆ, ಗೋಡೆಯೆಲ್ಲ ಚುಕ್ಕಿಗಳಾಗುತ್ತದೆ. ಅದು ನಕ್ಷೆಯ ಸೋಲಲ್ಲ, ಅದರ ಪ್ರಾಮಾಣಿಕತೆ.

ಒಟ್ಟಿನಲ್ಲಿ ಹೇಳುವುದಾದರೆ, ಮಣ್ಣಿನ ಕೋಟೆಯ ಊರುಗಳು ಅಳಿದುಹೋದರೂ ಅವುಗಳನ್ನು ಕಟ್ಟಿದ ತರ್ಕ ಅಳಿದಿಲ್ಲ. ಶಾಸನ, ಪ್ರವಾಸಿಗರ ಬರೆಹ, ಗ್ರಾಮನಕ್ಷೆ, ಸ್ಥಳನಾಮ ಮತ್ತು ಮಣ್ಣಿನ ಲೆಕ್ಕಗಳನ್ನು ಒಟ್ಟುಗೂಡಿಸಿದರೆ ಆ ತರ್ಕವನ್ನು ಮರಳಿ ಓದಬಹುದು. ಯಲಹಂಕ ನಾಡಿನ ಗ್ರಾಮಠಾಣಗಳು ಬಡಾವಣೆಗಳ ನಡುವೆ ಗುರುತು ಕಳೆದುಕೊಳ್ಳುತ್ತಿರುವ ಈ ದಿನಗಳಲ್ಲಿ ಇಂತಹ ನಕ್ಷೆಗಳನ್ನು ಊರೂರಿಗೂ ಸಿದ್ಧಪಡಿಸುವ ಕಾರ್ಯ ತುರ್ತಿನದು. ಹಳೆಯ ಎಲ್ಲೆಗಳನ್ನು ಬಲ್ಲ ಹಿರಿಯರು ಇನ್ನೂ ಕೆಲವರಿದ್ದಾರೆ. ಗೋಡೆಯ ಒಳಗಿನವರನ್ನೂ ಹೊರಗಿನವರನ್ನೂ ಸಮಾನವಾಗಿ ಕೇಳಿ, ಅವರೊಡನೆ ಎಲ್ಲೆಯನ್ನು ಒಮ್ಮೆ ನಡೆದು, ಅನಂತರ ಕಾಗದವನ್ನು ಬಿಡಿಸುವುದು ಸಂಶೋಧಕರ ಹೊಣೆಯಾಗಿದೆ.