ಸ್ಪ್ಲಿಟ್ ಲೆವೆಲ್ ಮನೆ: ಖರ್ಚು ಕಡಿಮೆ, ತಂಪು ಜಾಸ್ತಿ ಎನ್ನುವುದು ನಿಜವೇ?

“ಒಂದೇ ಮಹಡಿಯ ಖರ್ಚಿನಲ್ಲಿ ಮೂರು ಹಂತದ ಮನೆ! ಬೇಸಿಗೆಯಲ್ಲಿ ಎಸಿ ಬೇಡ, ಜಾಗವೂ ಉಳಿತಾಯ!” ಚೆಂದದ ಫೋಟೊಗಳ ಜೊತೆ ಇಂಥ ಸಂದೇಶ ನಿಮ್ಮ ಕುಟುಂಬದ ವಾಟ್ಸಾಪ್ ಗುಂಪಿಗೂ ಬಂದಿರಬಹುದು. ಅದರ ಕೆಳಗೇ ಇನ್ಯಾರೋ “ನೆಲ ಏರುಪೇರಾದರೆ ಮನೆಗೆ ಕೇಡು” ಎಂದೂ ಬರೆದಿರುತ್ತಾರೆ. ಸಾಲ ಮಾಡಿ ಜೀವಮಾನಕ್ಕೊಂದು ಮನೆ ಕಟ್ಟುವವರು ಯಾವುದನ್ನು ನಂಬಬೇಕು? ಒಂದೊಂದಾಗಿ ನೋಡೋಣ.

ಏನಿದು ಸ್ಪ್ಲಿಟ್ ಲೆವೆಲ್?

ಸಾಮಾನ್ಯ ಡ್ಯೂಪ್ಲೆಕ್ಸ್ ಮನೆಯಲ್ಲಿ ಒಂದು ಮಹಡಿಯಿಂದ ಇನ್ನೊಂದಕ್ಕೆ ಸುಮಾರು ಹತ್ತು ಅಡಿ ಹತ್ತಬೇಕು. ಸ್ಪ್ಲಿಟ್ ಲೆವೆಲ್‌ನಲ್ಲಿ ನೆಲವನ್ನು ಮೂರರಿಂದ ಐದು ಅಡಿ ಅಂತರದಲ್ಲಿ ಹಂತ ಹಂತವಾಗಿ ಕಟ್ಟುತ್ತಾರೆ. ಹಾಲ್‌ನಿಂದ ಐದಾರು ಮೆಟ್ಟಿಲು ಹತ್ತಿದರೆ ಮಲಗುವ ಕೋಣೆ, ಅಷ್ಟೇ ಇಳಿದರೆ ಗ್ಯಾರೇಜ್. ಅಮೆರಿಕದ ಉಪನಗರಗಳಲ್ಲಿ 1950 ಮತ್ತು 60ರ ದಶಕಗಳಲ್ಲಿ ಈ ಮಾದರಿ ಬಹಳ ಜನಪ್ರಿಯವಾಗಿತ್ತು. ಒಂದೇ ಮನೆಯೊಳಗೆ ನೆಲದ ಎತ್ತರ ಬೇರೆ ಬೇರೆ ಇರುವುದು ನಮಗೂ ಹೊಸದಲ್ಲ. ತೊಟ್ಟಿ ಮನೆಯಲ್ಲಿ ನಡುವಿನ ಅಂಗಳ ತಗ್ಗಿನಲ್ಲಿ, ಸುತ್ತಲಿನ ಜಗಲಿ ಎತ್ತರದಲ್ಲಿ ಇರುತ್ತದೆ.

ಹೇಳಿಕೆ 1: ಖರ್ಚು ಕಡಿಮೆ
ನಮ್ಮ ಉತ್ತರ: ಇಳಿಜಾರಿನ ಸೈಟಿನಲ್ಲಿ ನಿಜವಾಗಬಹುದು, ಸಮತಟ್ಟಾದ ಸೈಟಿನಲ್ಲಿ ಅಲ್ಲ

ಮಡಿಕೇರಿ, ಸಕಲೇಶಪುರ, ಮಂಗಳೂರಿನಂಥ ಕಡೆ ಸೈಟು ಇಳಿಜಾರಾಗಿರುವುದು ಸಾಮಾನ್ಯ. ಅದನ್ನು ಪೂರ್ತಿ ಮಟ್ಟ ಮಾಡಲು ಒಂದು ಕಡೆ ಧರೆ ಕಡಿಯಬೇಕು, ಇನ್ನೊಂದು ಕಡೆ ಮಣ್ಣು ತುಂಬಬೇಕು. ತುಂಬಿದ ಮಣ್ಣು ನಿಧಾನವಾಗಿ ಕೂರುತ್ತದೆ. ಮನೆಯ ಅರ್ಧ ಪಾಯ ಗಟ್ಟಿ ನೆಲದ ಮೇಲೆ, ಇನ್ನರ್ಧ ತುಂಬಿದ ಮಣ್ಣಿನ ಮೇಲೆ ನಿಂತರೆ ಗೋಡೆ ಬಿರುಕು ಬಿಡುತ್ತದೆ. ಇಳಿಜಾರಿಗೆ ತಕ್ಕಂತೆ ಹಂತ ಹಂತವಾಗಿ ಕಟ್ಟಿದರೆ ಈ ಕೆಲಸವೂ ಅಪಾಯವೂ ಕಡಿಮೆ.

ಸಮತಟ್ಟಾದ 30x40 ಸೈಟಿನಲ್ಲಿ ಲೆಕ್ಕ ಉಲ್ಟಾ. ಬೇರೆ ಬೇರೆ ಎತ್ತರದ ಸ್ಲ್ಯಾಬ್, ಹೆಚ್ಚಿನ ಸೆಂಟ್ರಿಂಗ್, ಹೆಚ್ಚುವರಿ ತೊಲೆಗಳು. ಅಲ್ಲಿ ನೀವು ಹಣ ಕೊಡುವುದು ಅಂದಕ್ಕೆ.

ಹೇಳಿಕೆ 2: ಎಸಿ ಇಲ್ಲದೆ ತಂಪು
ನಮ್ಮ ಉತ್ತರ: ಭಾಗಶಃ ನಿಜ

ಬಿಸಿಗಾಳಿ ಹಗುರ, ಹಾಗಾಗಿ ಮೇಲೇರುತ್ತದೆ. ಮೇಲಿನ ಹಂತದಲ್ಲಿ ಅದು ಹೊರಹೋಗಲು ಕಿಟಕಿ ಇದ್ದು, ಕೆಳಗಿನ ಹಂತದಲ್ಲಿ ತಂಪುಗಾಳಿ ಒಳಬರಲು ದಾರಿ ಇದ್ದರೆ ಗಾಳಿ ತಾನಾಗಿಯೇ ಓಡಾಡುತ್ತದೆ. ಮೇಲೆ ಕಿಟಕಿ ಇಲ್ಲದಿದ್ದರೆ ಆ ಬಿಸಿಗಾಳಿಯೆಲ್ಲ ಮೇಲಿನ ಕೋಣೆಯಲ್ಲೇ ನಿಲ್ಲುತ್ತದೆ. ಎಸಿ ಹಾಕಿಸಿದರೂ ತೊಂದರೆಯೇ: ತಣ್ಣನೆಯ ಗಾಳಿ ತಗ್ಗಿಗೆ ಇಳಿಯುತ್ತದೆ, ಮೇಲಿನವರು ಸೆಕೆಯಲ್ಲೇ ಇರುತ್ತಾರೆ. ಒಗ್ಗರಣೆಯ ಘಾಟು, ಟಿವಿಯ ಸದ್ದು ಕೂಡ ಹಂತ ಹಂತಕ್ಕೂ ತಲುಪುತ್ತವೆ.

ಹೇಳಿಕೆ 3: ನೆಲ ಏರುಪೇರಾದರೆ ಕೇಡು
ನಮ್ಮ ಉತ್ತರ: ಅದೃಷ್ಟಕ್ಕೂ ಇದಕ್ಕೂ ಸಂಬಂಧವಿಲ್ಲ, ಬೀಳುವ ಅಪಾಯ ಮಾತ್ರ ನಿಜ

ನೆಲದ ಮಟ್ಟದಿಂದ ಮನೆಯವರಿಗೆ ಕೇಡಾಗುತ್ತದೆ ಎನ್ನಲು ವೈಜ್ಞಾನಿಕ ಆಧಾರವಿಲ್ಲ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ 6,84,000 ಜನ ಬಿದ್ದು ಸಾಯುತ್ತಾರೆ. ಅವರಲ್ಲಿ 60 ದಾಟಿದವರೇ ಹೆಚ್ಚು. ಉದ್ದನೆಯ ಮೆಟ್ಟಿಲಸಾಲು ಕಣ್ಣಿಗೆ ಬೀಳುತ್ತದೆ. ಒಂದೇ ಬಣ್ಣದ ಟೈಲ್ಸ್ ಹಾಕಿದ ಒಂದೆರಡು ಮೆಟ್ಟಿಲು ಕಾಣುವುದೇ ಇಲ್ಲ, ಅದರಲ್ಲೂ ರಾತ್ರಿ ಬಚ್ಚಲಿಗೆ ಏಳುವ ಅಜ್ಜಿಗೆ.

ವೀಲ್‌ಚೇರ್ ಬೇಕಾದಾಗ ಕಷ್ಟ ಇನ್ನೂ ಹೆಚ್ಚು. ವೀಲ್‌ಚೇರ್ ಹತ್ತಿಸುವ ಇಳಿಜಾರು ದಾರಿಗೆ ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಬೇಕು. ಮೂರು ಅಡಿ ಎತ್ತರದ ಹಂತಕ್ಕೆ 36 ಅಡಿ! ನಲವತ್ತು ಅಡಿ ಉದ್ದದ ಸೈಟಿನಲ್ಲಿ ಅದನ್ನು ಎಲ್ಲಿ ಮಾಡುವುದು?

ಹೇಳಿಕೆ 4: ಗುಡ್ಡದ ಮೇಲೆ ಇದೇ ಸುರಕ್ಷಿತ
ನಮ್ಮ ಉತ್ತರ: ಸರಿಯಾಗಿ ಕಟ್ಟಿದರೆ ಮಾತ್ರ

ತಡೆಗೋಡೆಯ ಮೇಲೆ ಮಣ್ಣು ಹಾಕುವ ಒತ್ತಡ ಗೋಡೆಯ ಎತ್ತರ ಹೆಚ್ಚಿದಂತೆ ವೇಗವಾಗಿ ಏರುತ್ತದೆ. ಎತ್ತರ ಎರಡು ಪಟ್ಟಾದರೆ ಒಟ್ಟು ಒತ್ತಡ ಸುಮಾರು ನಾಲ್ಕು ಪಟ್ಟು. ಹೀಗಾಗಿ ಹತ್ತಡಿಯ ಒಂದೇ ಧರೆಗಿಂತ, ನಡುವೆ ಸಾಕಷ್ಟು ಅಂತರವಿರುವ ಐದೈದು ಅಡಿಯ ಎರಡು ಹಂತ ಮೇಲು.

ಆದರೆ ಮಳೆನೀರು ಮಣ್ಣಿನಲ್ಲಿ ನಿಂತರೆ ಯಾವ ಗೋಡೆಗೂ ಗ್ಯಾರಂಟಿ ಇಲ್ಲ. ಗೋಡೆಯ ಹಿಂದೆ ಜಲ್ಲಿ ತುಂಬಿ, ನೀರು ಹೊರಬರಲು ಪೈಪುಗಳನ್ನು ಇಡಲೇಬೇಕು. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡಗಳು ಕುಸಿದಾಗ, ಭಾರಿ ಮಳೆಯ ಜೊತೆ ರಸ್ತೆ, ಕಟ್ಟಡಗಳಿಗಾಗಿ ಇಳಿಜಾರು ಕಡಿದದ್ದೂ ಕಾರಣ ಎಂದು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಹೇಳಿತ್ತು. ಕುಸಿಯುವ ಗುಡ್ಡದಲ್ಲಿ ಮನೆಯ ವಿನ್ಯಾಸ ನಮ್ಮನ್ನು ಉಳಿಸುವುದಿಲ್ಲ.

ಭೂಕಂಪದ ಮಾತೂ ಇದೆ. ಇಳಿಜಾರಿನ ಮನೆಯಲ್ಲಿ ಕೆಲವು ಕಂಬ ಗಿಡ್ಡ, ಕೆಲವು ಉದ್ದ. ಗಿಡ್ಡ ಕಂಬ ಸುಲಭವಾಗಿ ಬಾಗದ ಕಾರಣ ಕಂಪನದ ಹೆಚ್ಚಿನ ಪಾಲು ಅದರ ಮೇಲೆಯೇ ಬಿದ್ದು, ಅದೇ ಮೊದಲು ಒಡೆಯುತ್ತದೆ. ಇಂಥ ಮನೆಯ ಕಬ್ಬಿಣದ ಲೆಕ್ಕವನ್ನು ಮೇಸ್ತ್ರಿಯ ಅಂದಾಜಿಗೆ ಬಿಡದೆ ಸ್ಟ್ರಕ್ಚರಲ್ ಎಂಜಿನಿಯರ್ ಕೈಯಲ್ಲೇ ಮಾಡಿಸಿ.

ಕಟ್ಟುವುದೇ ಆದರೆ

* ಅಡುಗೆಮನೆ, ಒಂದು ಮಲಗುವ ಕೋಣೆ, ಒಂದು ಬಾತ್‌ರೂಮ್ ಬಾಗಿಲಿನ ಮಟ್ಟದಲ್ಲೇ ಇರಲಿ. ಇಂದು ಅಪ್ಪ ಅಮ್ಮನಿಗೆ, ನಾಳೆ ನಮಗೇ ಬೇಕಾಗುತ್ತದೆ.
* ರಾಷ್ಟ್ರೀಯ ಕಟ್ಟಡ ಸಂಹಿತೆ 2016ರ ಪ್ರಕಾರ ಮನೆಯ ಮೆಟ್ಟಿಲಿನ ಎತ್ತರ 190 ಮಿಲಿಮೀಟರ್ ಮೀರಬಾರದು, ಕಾಲಿಡುವ ಜಾಗ 250 ಮಿಲಿಮೀಟರ್‌ಗಿಂತ ಕಡಿಮೆ ಇರಬಾರದು. ಎಲ್ಲ ಮೆಟ್ಟಿಲೂ ಒಂದೇ ಅಳತೆಯಲ್ಲಿರಲಿ.
* ಎರಡೇ ಮೆಟ್ಟಿಲಿದ್ದರೂ ಕೈಹಿಡಿ, ಅಂಚಿಗೆ ಬೇರೆ ಬಣ್ಣ, ರಾತ್ರಿ ದೀಪ ಇರಲಿ.
* ಮಣ್ಣಿಗೆ ತಾಗುವ ಗೋಡೆಗೆ ಹೊರಗಿನಿಂದಲೇ ವಾಟರ್‌ಪ್ರೂಫಿಂಗ್ ಮಾಡಿಸಿ. ಆಮೇಲೆ ಒಳಗಿನಿಂದ ಬಣ್ಣ ಬಳಿದರೆ ತೇವ ನಿಲ್ಲುವುದಿಲ್ಲ.

ಒಟ್ಟಿನಲ್ಲಿ: ಇಳಿಜಾರಿನ ಗಟ್ಟಿ ನೆಲಕ್ಕೆ ಸ್ಪ್ಲಿಟ್ ಲೆವೆಲ್ ಒಳ್ಳೆಯ ಪರಿಹಾರ. ಸಮತಟ್ಟಾದ ಸೈಟಿನಲ್ಲಿ ಅದೊಂದು ದುಬಾರಿ ಇಷ್ಟ. ಮುಂದಿನ ಸಲ ಆ ಫೋಟೊ ಬಂದಾಗ ಫಾರ್ವರ್ಡ್ ಮಾಡುವ ಮುನ್ನ ಎರಡು ಪ್ರಶ್ನೆ ಕೇಳಿ: ಸೈಟು ಇಳಿಜಾರಾಗಿದೆಯೇ? ಮನೆಯಲ್ಲಿ ವಯಸ್ಸಾದವರು ಯಾರಿದ್ದಾರೆ?