ರಸಾಯನಶಾಸ್ತ್ರದಲ್ಲಿ ಡಾಕ್ಟರೇಟ್ ಸಂಶೋಧನೆ: ಕನ್ನಡ ಮಾಧ್ಯಮದ ಕುಟುಂಬಗಳು ತಿಳಿದಿರಬೇಕಾದ ಸಂಗತಿಗಳು

ರಸಾಯನಶಾಸ್ತ್ರದಲ್ಲಿ ಪಿಎಚ್.ಡಿ. ಎಂದರೆ, ಅದುವರೆಗೆ ಯಾರೂ ಉತ್ತರಿಸದ ಪ್ರಶ್ನೆಯೊಂದನ್ನು ಆರಿಸಿಕೊಂಡು, ಮಾರ್ಗದರ್ಶಕರ ಪ್ರಯೋಗಾಲಯದಲ್ಲಿ ಹಲವು ವರ್ಷ ದುಡಿದು, ದೊರೆತ ಫಲಿತಾಂಶವನ್ನು ಮಹಾಪ್ರಬಂಧವಾಗಿ ಬರೆದು ತಜ್ಞರ ಮುಂದೆ ಸಮರ್ಥಿಸುವುದು. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ವಿಜ್ಞಾನ ಓದಿದ ಮಕ್ಕಳಿಗೆ ಈ ದಾರಿ ಮುಚ್ಚಿದೆ ಎಂಬ ಭಯದಿಂದ ಗಡಿಭಾಗದ ಅನೇಕ ಪೋಷಕರು ಶಾಲೆಯ ಮಾಧ್ಯಮವನ್ನೇ ಬದಲಿಸುತ್ತಾರೆ. ಆ ನಿರ್ಧಾರಕ್ಕೆ ಮುನ್ನ ತಿಳಿದಿರಬೇಕಾದ ಸಂಗತಿಗಳನ್ನು ಇಲ್ಲಿ ಕೊಡಲಾಗಿದೆ.

ಸಂಶೋಧನೆಯ ಮೂರು ಕ್ಷೇತ್ರಗಳು

ರಸಾಯನಶಾಸ್ತ್ರದ ಸಂಶೋಧಕರು ಹೊಸ ಅಣುಗಳನ್ನು ಕಟ್ಟುತ್ತಾರೆ. ಕ್ರಿಯೆಗಳು ಏಕೆ ಮತ್ತು ಎಷ್ಟು ವೇಗವಾಗಿ ನಡೆಯುತ್ತವೆ ಎಂಬುದನ್ನು ಅಳೆಯುತ್ತಾರೆ.

ವಸ್ತುವಿಜ್ಞಾನವು ಘನವಸ್ತುಗಳ ರಚನೆಗೂ ಗುಣಕ್ಕೂ ಇರುವ ಸಂಬಂಧವನ್ನು ಹುಡುಕುತ್ತದೆ. ಮೊಬೈಲಿನೊಳಗಿನ ಲಿಥಿಯಂ ಅಯಾನ್ ಬ್ಯಾಟರಿ ಇದರ ಫಲ. ಅದಕ್ಕಾಗಿ ಗುಡ್‌ಇನಫ್, ವಿಟಿಂಗ್‌ಹ್ಯಾಮ್ ಮತ್ತು ಯೋಶಿನೋ 2019ರ ನೊಬೆಲ್ ಪಡೆದರು. ಲೋಹದ ಅಯಾನುಗಳನ್ನೂ ಸಾವಯವ ಅಣುಗಳನ್ನೂ ಜೋಡಿಸಿ, ಜೇನುಗೂಡಿನಂತೆ ಒಳಗೆ ಪೊಳ್ಳುಗಳಿರುವ ಹರಳುಗಳನ್ನು ಕಟ್ಟಿದ ಕಿಟಗಾವಾ, ರಾಬ್ಸನ್ ಮತ್ತು ಯಾಘಿ ಅವರಿಗೆ 2025ರ ಪ್ರಶಸ್ತಿ ಸಂದಿತು. ಇಂತಹ ಹರಳುಗಳು ಒಣಹವೆಯಿಂದಲೂ ನೀರನ್ನು ಹೀರಿಕೊಳ್ಳಬಲ್ಲವು.

ರಾಸಾಯನಿಕ ಜೀವವಿಜ್ಞಾನವು ಜೀವಕೋಶದ ಪ್ರಶ್ನೆಗಳಿಗೆ ರಸಾಯನಶಾಸ್ತ್ರದ ಉಪಕರಣಗಳನ್ನು ಬಳಸುತ್ತದೆ. ಜೀವಂತ ಕೋಶದ ಸಹಜ ಕಾರ್ಯಗಳಿಗೆ ಅಡ್ಡಿಯಾಗದಂತೆ ಅದರಲ್ಲಿ ರಾಸಾಯನಿಕ ಕ್ರಿಯೆ ನಡೆಸುವ ವಿಧಾನವನ್ನು ರೂಪಿಸಿದ ಕ್ಯಾರೊಲಿನ್ ಬರ್ಟೋಜಿ 2022ರ ನೊಬೆಲ್ ಪುರಸ್ಕೃತರಲ್ಲಿ ಒಬ್ಬರು.

ದಾರಿ ಯಾವುದು?

ವಿಜ್ಞಾನ ವಿಷಯಗಳೊಂದಿಗೆ ಹನ್ನೆರಡನೆಯ ತರಗತಿ, ಬಳಿಕ ಬಿ.ಎಸ್ಸಿ., ಎಂ.ಎಸ್ಸಿ., ಆನಂತರ ಪಿಎಚ್.ಡಿ. ಎಂಬುದು ರೂಢಿಯ ಕ್ರಮ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೂ ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲೂ ಬಿ.ಎಸ್ಸಿ. ಮುಗಿಸಿದವರನ್ನೇ ನೇರವಾಗಿ ಸೇರಿಸಿಕೊಳ್ಳುವ ಸಮಗ್ರ ಪಿಎಚ್.ಡಿ. ಕಾರ್ಯಕ್ರಮವಿದೆ. ಇದನ್ನು ಬಯಸುವವರು ಪದವಿಯ ಕೊನೆಯ ವರ್ಷದಲ್ಲೇ ‘ಜ್ಯಾಮ್’ ಪರೀಕ್ಷೆ ಬರೆಯಬೇಕು.

ಯುಜಿಸಿಯ 2022ರ ನಿಯಮಗಳಂತೆ ಪಿಎಚ್.ಡಿ.ಯ ಅವಧಿ ಕನಿಷ್ಠ 3, ಗರಿಷ್ಠ 6 ವರ್ಷ. ಮಹಿಳೆಯರಿಗೆ ಇನ್ನೂ 2 ವರ್ಷಗಳ ಸಡಿಲಿಕೆಯೂ 240 ದಿನಗಳವರೆಗೆ ಹೆರಿಗೆ ಮತ್ತು ಶಿಶುಪಾಲನಾ ರಜೆಯೂ ಉಂಟು.

ಖರ್ಚು ಮತ್ತು ಶಿಷ್ಯವೇತನ

ಮಗಳು ಇನ್ನೆಷ್ಟು ವರ್ಷ ಓದಬೇಕು, ಯಾರು ಹಣ ಕೊಡಬೇಕು ಎಂಬ ಚಿಂತೆ ಸಹಜ. ಸಿಎಸ್‌ಐಆರ್–ಯುಜಿಸಿ ನೆಟ್ ಪರೀಕ್ಷೆಯಲ್ಲಿ ಕಿರಿಯ ಸಂಶೋಧನಾ ಶಿಷ್ಯವೇತನಕ್ಕೆ ಆಯ್ಕೆಯಾದವರಿಗೆ 2023ರ ಜನವರಿಯಿಂದ ಜಾರಿಯಲ್ಲಿರುವ ದರದಂತೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000 ರೂಪಾಯಿ ದೊರೆಯುತ್ತದೆ. ಹೀಗಾಗಿ ಮನೆಯವರ ಮೇಲೆ ಬೀಳುವ ಹೆಚ್ಚಿನ ಭಾರ ಎಂ.ಎಸ್ಸಿ.ವರೆಗಿನದು.

ಗಡಿಯಾಚೆಯವರು ಗಮನಿಸಬೇಕಾದುದು

ರಾಷ್ಟ್ರೀಯ ಸಂಸ್ಥೆಗಳೂ ಕೇಂದ್ರೀಯ ವಿಶ್ವವಿದ್ಯಾಲಯಗಳೂ ಪಿಎಚ್.ಡಿ. ಪ್ರವೇಶಕ್ಕೆ ಯಾವ ರಾಜ್ಯದ ನಿವಾಸಿ ಎಂದು ಕೇಳುವುದಿಲ್ಲ. ಕಾಸರಗೋಡಿನವರಿಗೆ ಪೆರಿಯದ ಕೇರಳ ಕೇಂದ್ರೀಯ ವಿಶ್ವವಿದ್ಯಾಲಯ, ತೆಲಂಗಾಣದವರಿಗೆ ಹೈದರಾಬಾದ್ ವಿಶ್ವವಿದ್ಯಾಲಯ, ಗೋವಾದವರಿಗೆ ಗೋವಾ ವಿಶ್ವವಿದ್ಯಾಲಯ, ರಾಯದುರ್ಗ ಮತ್ತು ಮಡಕಶಿರದವರಿಗೆ ಅನಂತಪುರದ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ ಸಮೀಪದಲ್ಲಿವೆ. ಇತರೆ ಹಿಂದುಳಿದ ವರ್ಗಗಳ ಕೇಂದ್ರ ಪಟ್ಟಿ ಮಾತ್ರ ರಾಜ್ಯವಾರು ಇರುತ್ತದೆ. ಕರ್ನಾಟಕದ ಪಟ್ಟಿಯಲ್ಲಿರುವ ಜಾತಿ ನಿಮ್ಮ ರಾಜ್ಯದ ಪಟ್ಟಿಯಲ್ಲಿ ಇಲ್ಲದಿರಬಹುದು. ಅರ್ಜಿಯ ಸಮಯದವರೆಗೆ ಕಾಯದೆ ಮೊದಲೇ ನೋಡಿಕೊಳ್ಳಿರಿ.

ಭಾಷೆಯ ಪ್ರಶ್ನೆ

ನಿಜವನ್ನು ಮರೆಮಾಚಬಾರದು. ಜ್ಯಾಮ್ ಪರೀಕ್ಷೆಯ ಪ್ರಶ್ನೆಪತ್ರಿಕೆ ಇಂಗ್ಲಿಷಿನಲ್ಲಿ ಮಾತ್ರ, ನೆಟ್ ಪರೀಕ್ಷೆಯದು ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಇರುತ್ತದೆ. ಸಂಶೋಧನಾ ಪ್ರಬಂಧಗಳೂ ಇಂಗ್ಲಿಷಿನಲ್ಲೇ ಪ್ರಕಟವಾಗುತ್ತವೆ. ಆದರೆ ಇಂಗ್ಲಿಷ್ ಬೇಕು ಎಂಬುದರಿಂದ ಒಂದನೆಯ ತರಗತಿಯಲ್ಲೇ ಕನ್ನಡ ಬಿಡಬೇಕು ಎಂದಾಗುವುದಿಲ್ಲ. ಭಾರತರತ್ನ ಸಿ.ಎನ್.ಆರ್. ರಾವ್ ಅವರನ್ನು ತಂದೆ ಪ್ರೌಢಶಾಲೆಯಲ್ಲಿ ಕನ್ನಡ ಮಾಧ್ಯಮಕ್ಕೆ ಸೇರಿಸಿ, ಮನೆಯಲ್ಲಿ ಇಂಗ್ಲಿಷಿನಲ್ಲಿ ಮಾತನಾಡಿಸಿದರು. ರಾವ್ 1958ರಲ್ಲಿ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದಿಂದ ಪಿಎಚ್.ಡಿ. ಪಡೆದರು. ಮನೆಯಲ್ಲಿ ಇಂಗ್ಲಿಷ್ ಇಲ್ಲದ ನಮ್ಮ ಮಕ್ಕಳಿಗೆ ಆ ನೆರವನ್ನು ಶಾಲೆಯೇ ಒದಗಿಸಬೇಕು.

ಅದಕ್ಕೆ ದೊಡ್ಡ ಯೋಜನೆ ಬೇಕಿಲ್ಲ. ಎಂಟನೆಯ ತರಗತಿಯಿಂದಲೇ ಪ್ರತಿ ಪಾಠದ ಪರಿಭಾಷೆಯನ್ನು ಎರಡೂ ಭಾಷೆಗಳಲ್ಲಿ ಬರೆದಿಡುವ ನೋಟುಪುಸ್ತಕವಿರಲಿ: ಅಣುವಿಗೆ ಮಾಲಿಕ್ಯೂಲ್, ಉತ್ಕರ್ಷಣಕ್ಕೆ ಆಕ್ಸಿಡೇಷನ್, ಅಪಕರ್ಷಣಕ್ಕೆ ರಿಡಕ್ಷನ್, ದ್ರಾವಣಕ್ಕೆ ಸೊಲ್ಯೂಷನ್. ಹತ್ತನೆಯ ತರಗತಿಯ ಪರೀಕ್ಷೆ ಮುಗಿದ ರಜೆಯಲ್ಲಿ ಸೇತುಬಂಧ ತರಗತಿ ನಡೆಸುವಂತೆ ಶಿಕ್ಷಕ–ಪೋಷಕರ ಸಭೆಯಲ್ಲಿ ಬೇಡಿಕೆ ಇಡಿರಿ. ಪರಿಕಲ್ಪನೆ ಕನ್ನಡದಲ್ಲಿ ಗಟ್ಟಿಯಾಗಿದ್ದರೆ ಹೊಸ ಹೆಸರನ್ನು ಕಲಿಯುವುದು ತಿಂಗಳುಗಳ ಕೆಲಸ. ಪರಿಕಲ್ಪನೆಯೇ ಇಲ್ಲದಿದ್ದರೆ ಇಂಗ್ಲಿಷ್ ಹೆಸರು ಬಾಯಿಪಾಠವಾಗಿಯೇ ಉಳಿಯುತ್ತದೆ.

ಹೆಣ್ಣುಮಕ್ಕಳ ವಿಷಯದಲ್ಲಿ

ಕಮಲಾ ಸೋಹೋನಿ 1933ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ ಅರ್ಜಿ ಹಾಕಿದಾಗ, ಹೆಣ್ಣೆಂಬ ಕಾರಣಕ್ಕೆ ಸಿ.ವಿ. ರಾಮನ್ ಮೊದಲು ಪ್ರವೇಶ ನಿರಾಕರಿಸಿದರು. ಪಟ್ಟುಬಿಡದ ಆಕೆಯನ್ನು ಕೊನೆಗೆ ಷರತ್ತುಗಳೊಂದಿಗೆ ಸೇರಿಸಿಕೊಳ್ಳಲಾಯಿತು. ಸೋಹೋನಿ ಮುಂದೆ ಕೇಂಬ್ರಿಜ್‌ನಲ್ಲಿ ಸಸ್ಯಗಳಲ್ಲಿನ ಸೈಟೋಕ್ರೋಮ್ ‘ಸಿ’ಯ ಕುರಿತ ಸಂಶೋಧನೆಗೆ ಪಿಎಚ್.ಡಿ. ಪಡೆದರು. ಇಂದು ಅಂತಹ ನಿರಾಕರಣೆಗೆ ಸಂಸ್ಥೆಗಳಲ್ಲಿ ಎಡೆಯಿಲ್ಲ. ಪದವಿಯ ಬಳಿಕ ಮಗಳ ಓದು ನಿಲ್ಲಿಸುವ ತೀರ್ಮಾನ ಈಗ ಹೆಚ್ಚಾಗಿ ಮನೆಯಲ್ಲೇ ಆಗುತ್ತದೆ. ಶಿಷ್ಯವೇತನದ ಲೆಕ್ಕವನ್ನು ಆಗ ಮುಂದಿಟ್ಟುಕೊಳ್ಳುವುದು ಉಚಿತ.