ಬಾವಂಚಿಯ ಬೀಜವೂ ಬೆಳಕಿನ ಚಿಕಿತ್ಸೆಯೂ

ಸೋರಿಯಾಸಿಸ್ ಎಂಬ ಚರ್ಮವ್ಯಾಧಿಯು ಪ್ರಾಣಕ್ಕಿಂತ ಹೆಚ್ಚಾಗಿ ಮಾನವನ್ನು ಕಾಡುವ ವ್ಯಾಧಿ. ಆರೋಗ್ಯವಂತರ ಚರ್ಮಕೋಶಗಳು ಹುಟ್ಟಿ, ಮೇಲೇರಿ, ಉದುರುವುದಕ್ಕೆ ಸುಮಾರು ಒಂದು ತಿಂಗಳು ಬೇಕು. ಈ ವ್ಯಾಧಿಯಲ್ಲಿ ಆ ಕಾರ್ಯವೆಲ್ಲ ಕೆಲವೇ ದಿನಗಳಲ್ಲಿ ನಡೆದು, ಕೆಂಪು ಮಚ್ಚೆಗಳ ಮೇಲೆ ಬೆಳ್ಳಿಯ ಬಣ್ಣದ ಹೊಟ್ಟು ಕಟ್ಟುವುದು. ಇದು ಅಂಟುಜಾಡ್ಯವಲ್ಲ, ಆದರೂ ಕುಷ್ಠವೆಂದು ಭ್ರಮಿಸಿ ರೋಗಿಯನ್ನು ದೂರವಿಟ್ಟವರು ಅನೇಕರು. ಇಂತಹ ರೋಗಕ್ಕೆ ಬೆಳಕೇ ಔಷಧವಾದ ಚರಿತ್ರೆಯಲ್ಲಿ ನಮ್ಮ ನಾಡಿಗೂ ಒಂದು ಪಾಲುಂಟು.

ಕಣ್ಣಿಗೆ ಕಾಣದ ನೇರಳಾತೀತ ಕಿರಣಗಳನ್ನು 1801ರಲ್ಲಿ ಜರ್ಮನಿಯ ರಿಟರ್ ಎಂಬಾತನು ಕಂಡುಹಿಡಿದನು. ದೀಪದ ಬೆಳಕಿನಿಂದ ಚರ್ಮದ ಕ್ಷಯವನ್ನು ಗುಣಪಡಿಸಿದ ಡೆನ್ಮಾರ್ಕಿನ ಫಿನ್ಸೆನ್ನನಿಗೆ 1903ರಲ್ಲಿ ನೊಬೆಲ್ ಪಾರಿತೋಷಕವು ಸಂದಿತು. 1925ರಲ್ಲಿ ಅಮೆರಿಕದ ಗೋಕರ್ಮನ್ನನು ಸೋರಿಯಾಸಿಸ್ ರೋಗಿಗಳಿಗೆ ಕಲ್ಲಿದ್ದಲಿನ ಕೀಲನ್ನು ಬಳಿದು, ಮೇಲೆ ಈ ಕಿರಣಗಳನ್ನು ಹಾಯಿಸುವ ಕ್ರಮವನ್ನು ಪ್ರಕಟಿಸಿದನು.

ಇನ್ನೊಂದು ದಾರಿ ಹೊಲದ ಬದುವಿನಿಂದ ಹೊರಟಿತು. ಬಾವಂಚಿ, ಸಂಸ್ಕೃತದಲ್ಲಿ ಬಾಕುಚಿ, ತೊನ್ನಿಗೆ ಮದ್ದೆಂದು ನಮ್ಮ ವೈದ್ಯರಿಗೆ ಪುರಾತನ ಕಾಲದಿಂದಲೂ ಗೊತ್ತಿದ್ದ ಗಿಡ. ಬೀಜದ ಲೇಪವನ್ನು ಹಚ್ಚಿ ಬಿಸಿಲಿಗೆ ಒಡ್ಡುವುದು ಅವರ ಪದ್ಧತಿ. ಆ ಬೀಜದ ಗುಣವಾವುದೆಂಬುದನ್ನು ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ರಸಾಯನಶಾಲೆ ಪರೀಕ್ಷಿಸಿತು. ಜೋಯಿಸ್, ಮಂಜುನಾಥ್, ವೆಂಕಟರಾವ್ ಎಂಬ ವಿದ್ವಾಂಸರು 1933ರಲ್ಲಿ ಪ್ರಕಟಿಸಿದ ಲೇಖನದಿಂದ ಸೋರಲೆನ್ ಎಂಬ ವಸ್ತು ಲೋಕಕ್ಕೆ ತಿಳಿಯಿತು. ಅವರು ಮಾಡಿದುದು ದ್ರವ್ಯಪರೀಕ್ಷೆ, ಚಿಕಿತ್ಸೆಯಲ್ಲ. ಆದರೆ ಮುಂದಿನ ಚಿಕಿತ್ಸೆಯ ಹೆಸರಿನಲ್ಲಿ ಆ ವಸ್ತುವೇ ಉಳಿದಿದೆ.

1940ರ ದಶಕದಲ್ಲಿ ಈಜಿಪ್ಟಿನ ವೈದ್ಯರು ತಮ್ಮ ನಾಡಿನ ಬೇರೊಂದು ಸಸ್ಯದಿಂದ ಸೋರಲೆನ್ನಿನ ಬಂಧುವಾದ ಮೆಥಾಕ್ಸಲೆನ್ನನ್ನು ಪಡೆದು ತೊನ್ನಿಗೆ ಪ್ರಯೋಗಿಸಿದರು. 1974ರಲ್ಲಿ ಬಾಸ್ಟನ್ನಿನ ಪ್ಯಾರಿಷ್, ಫಿಟ್ಸ್‌ಪ್ಯಾಟ್ರಿಕ್ ಮೊದಲಾದವರು ಅದನ್ನೇ ಸೋರಿಯಾಸಿಸ್ ರೋಗಿಗಳಿಗೆ ನುಂಗಲು ಕೊಟ್ಟು, ಬಳಿಕ ದೀರ್ಘತರಂಗದ ನೇರಳಾತೀತ ಬೆಳಕಿಗೆ ನಿಲ್ಲಿಸಿದರು. ಬೆಳಕು ತಾಗಿದೊಡನೆ ಔಷಧವು ಕೋಶದ ಡಿಎನ್‌ಎ ಎಳೆಗಳಿಗೆ ಬೆಸೆದುಕೊಂಡು, ಅತಿವೇಗದ ಬೆಳವಣಿಗೆಯನ್ನು ತಡೆಯುವುದು. ‘ಪುವಾ’ ಎಂದು ಹೆಸರಾದುದು ಈ ಚಿಕಿತ್ಸೆಯೇ.

ಆದರೆ ಗುಣದೊಡನೆ ದೋಷವೂ ಕಂಡಿತು. ಬಹುಕಾಲ ಪುವಾ ಪಡೆದವರಲ್ಲಿ ಚರ್ಮದ ಅರ್ಬುದದ ಭಯ ಹೆಚ್ಚಿತು. ಆದುದರಿಂದ, ನುಂಗುವ ಮದ್ದಿಲ್ಲದೆ, 311 ನ್ಯಾನೊಮೀಟರ್ ಸುತ್ತಲಿನ ಕಿರಣಗಳನ್ನು ಮಾತ್ರ ಬೀರುವ ದೀಪಗಳು 1980ರ ದಶಕದಿಂದ ಬಳಕೆಗೆ ಬಂದು, ಬಹುಮಟ್ಟಿಗೆ ಪುವಾದ ಸ್ಥಾನವನ್ನು ಪಡೆದಿವೆ.

ಇಷ್ಟು ಕೇಳಿದಮೇಲೆ, ಸೂರ್ಯನೇ ಇರುವಾಗ ದೀಪವೇಕೆಂದು ಯಾರಾದರೂ ಪ್ರಶ್ನಿಸಬಹುದು. ತುಂಗಭದ್ರೆಯ ಸೀಮೆಯ ಹಂಪಸಾಗರದಂತಹ ಊರಿನಲ್ಲಿ ಬಿಸಿಲಿಗೆ ಬರವಿಲ್ಲ, ಬರವಿರುವುದು ಅಳತೆಗೆ. ಬಾವಂಚಿಯನ್ನು ಹಚ್ಚಿಕೊಂಡು ಮನಬಂದಷ್ಟು ಬಿಸಿಲಿನಲ್ಲಿ ಕುಳಿತರೆ ಮೈ ಸುಟ್ಟು ಬೊಕ್ಕೆಯೇಳುವುದು. ದೀಪದ ಚಿಕಿತ್ಸೆಯಲ್ಲಿಯಾದರೋ ವೈದ್ಯನು ರೋಗಿಯ ಚರ್ಮವನ್ನು ಪರೀಕ್ಷಿಸಿ, ಅಲ್ಪದಿಂದ ಆರಂಭಿಸಿ, ಕ್ರಮಕ್ರಮವಾಗಿ ಮಾತ್ರೆಯನ್ನು ಏರಿಸುವನು. ಆದರೆ ವಾರಕ್ಕೆ ಎರಡು ಮೂರು ಸಲ, ತಿಂಗಳುಗಟ್ಟಲೆ, ದೀಪವಿರುವ ಆಸ್ಪತ್ರೆಗೆ ಹೋಗಬೇಕಾದ ಹಳ್ಳಿಯ ಕೂಲಿಕಾರನಿಗೆ ಪ್ರತಿಯೊಂದು ಪ್ರಯಾಣವೂ ಒಂದು ದಿನದ ಅನ್ನ. ಬೀಜದ ಗುಟ್ಟನ್ನು ಬಿಡಿಸಿದ ನಾಡು ನಮ್ಮದು. ಅಳತೆಯ ಬೆಳಕನ್ನು ಹಳ್ಳಿಯ ಸಮೀಪಕ್ಕೆ ತಂದರೆ ಆ ಕೀರ್ತಿ ಪೂರ್ಣವಾಗುವುದೆಂದು ನಾವು ನಂಬಿದ್ದೇವೆ.